ಮೂಗಿನ ಕೆಲಸ

ಮೂಗು ಸತ್ತಿದ್ದು ಯಾವಾಗ ಅಂತ ಚಿಂದಿಯಕ್ಕನಿಗೆ ಗೊತ್ತಿಲ್ಲ. ಕಾಲು ಮುರಿದರೆ ಗೊತ್ತಾಗುತ್ತದೆ. ಹಲ್ಲು ಬಿದ್ದರೆ ಅಂಗೈಗೆ ಬರುತ್ತದೆ. ಮೂಗು ಹಾಗಲ್ಲ. ಅದು ಮುಖದ ಮೇಲೆ ಇದ್ದ ಹಾಗೇ ಇರುತ್ತದೆ, ಒಳಗೆ ಮಾತ್ರ ಯಾರೂ ಇರುವುದಿಲ್ಲ. ಒಂದು ದಿನ ಒಲೆಯ ಮೇಲಿನ ಹಾಲು ಸೀದು ಕರಕಲಾಯಿತು. ಅವಳು ಪಕ್ಕದಲ್ಲೇ ಕೂತು ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಆವತ್ತು ತಿಳಿಯಿತು. ತಿಳಿದು ಏನು ಮಾಡಿದಳು? ಪಾತ್ರೆ ತಿಕ್ಕಿದಳು. ಮಾರನೆಯ ದಿನ ಕೆಲಸಕ್ಕೆ ಹೋದಳು.

ಕೆಲಸ ಎಣ್ಣೆ ಡಿಪೋದಲ್ಲಿ. ಹಡಗಿನಿಂದ ಪೈಪಿನಲ್ಲಿ ಎಣ್ಣೆ ಬರುತ್ತದೆ, ಟ್ಯಾಂಕುಗಳಿಗೆ ತುಂಬುತ್ತದೆ, ಟ್ಯಾಂಕಿನಿಂದ ಲಾರಿಗಳಿಗೆ ಇಳಿಯುತ್ತದೆ. ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆ, ಇವರ ಬಾಯಲ್ಲಿ ಎಲ್ಲವೂ ಎಣ್ಣೆಯೇ. ಟ್ಯಾಂಕು, ಪೈಪು, ಎಲ್ಲವನ್ನೂ ಸುತ್ತುವರಿದು ಎದೆಮಟ್ಟದ ಕಟ್ಟೆಗೋಡೆ. ಏನೇ ಒಡೆದರೂ ಎಣ್ಣೆ ಆಚೆ ಹೋಗಬಾರದು ಅಂತ ಕಟ್ಟಿದ ಗೋಡೆ ಅದು. ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದಿದ್ದರು: ಒಂದು ಹನಿಯೂ ಹೊರಗೆ ಹೋಗದಿರಲಿ. ಅಕ್ಷರಗಳ ಕೆಳಗೇ ಒಂದು ತೂತು. ಮಳೆನೀರು ಹೋಗುವುದಕ್ಕೆ ಬಿಟ್ಟಿದ್ದು. ಅದಕ್ಕೆ ಹಿಂದೊಮ್ಮೆ ಕಬ್ಬಿಣದ ಬಾಗಿಲಿತ್ತು. ತುಕ್ಕು ಹಿಡಿದು ಬಿತ್ತು, ಬಿದ್ದದ್ದನ್ನು ಯಾರೂ ಎತ್ತಲಿಲ್ಲ. ತೂತಿನಾಚೆ ಚರಂಡಿ. ಚರಂಡಿಯ ಪಕ್ಕ ಕೂಲಿಯವರ ಸಾಲುಮನೆ. ಸಾಲುಮನೆಯ ಹಿಂದೆ ಬಾವಿ.

ಪೈಪು ತಿರುಗುವ ಮೂಲೆಯಲ್ಲಿ ಒಂದು ಕೀಲಿತ್ತು. ಎರಡು ಪೈಪಿನ ಬಾಯಿ ಸೇರಿಸಿ ಬೋಲ್ಟು ಬಿಗಿದು, ನಡುವೆ ರಬ್ಬರಿನ ವಾಷರ್ ಇಟ್ಟಿದ್ದರು. ವಾಷರ್ ಹಳತಾಗಿ ಸೀಳಿತ್ತು. ಬದಲಾಯಿಸಬೇಕಾದರೆ ಪಂಪು ನಿಲ್ಲಿಸಬೇಕು. ಪಂಪು ನಿಂತರೆ ಹಡಗು ಕಾಯಬೇಕು, ಲಾರಿ ಕಾಯಬೇಕು, ದೊಡ್ಡ ಸಾಹೇಬರಿಗೆ ಮೇಲಿನಿಂದ ಫೋನು ಬರುತ್ತದೆ. ಹೆಂಗಸರು ಕಾದರೆ ಯಾರಿಗೂ ಫೋನು ಬರುವುದಿಲ್ಲ. ಆದ್ದರಿಂದ ಕೀಲಿನ ಕೆಳಗೆ ತಗಡಿನ ತಟ್ಟೆ ಇಟ್ಟರು, ತಟ್ಟೆಯ ಪಕ್ಕ ಹೆಂಗಸರನ್ನು ಕೂರಿಸಿದರು.

ಬಗ್ಗು, ಒರೆಸು, ಹಿಂಡು. ಅಷ್ಟೇ ಕೆಲಸ. ತಟ್ಟೆ ತುಂಬಿ ಚೆಲ್ಲಿದ್ದನ್ನು ಚಿಂದಿಬಟ್ಟೆಯಲ್ಲಿ ಹೀರಿಸಿ ಡಬ್ಬಕ್ಕೆ ಹಿಂಡಬೇಕು. ಬೆರಳಿನ ಚರ್ಮ ಮೊದಲು ಬಿಳಿಚಿತು, ಆಮೇಲೆ ಸುಲಿಯಿತು, ಆಮೇಲೆ ಸುಲಿಯುವುದಕ್ಕೂ ಬೇಜಾರಾಗಿ ದಪ್ಪಗಾಗಿ ಕೂತಿತು. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಡವಾಗಿ ಗೊತ್ತಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ಎಣ್ಣೆಯಾದರೆ ಬಾಯಿಯೂ ಎಣ್ಣೆಯೇ. ತುತ್ತು ಯಾವುದು, ಬೆರಳು ಯಾವುದು ಅಂತ ನಾಲಿಗೆಗೂ ತಿಳಿಯದು. ಡಿಪೋದ ಕ್ಯಾಂಟೀನಿನಲ್ಲಿ ಇವರನ್ನು ಕೂರಿಸುತ್ತಿರಲಿಲ್ಲ. "ನಿಮ್ಮ ಹತ್ರ ವಾಸನೆ ಕಣ್ರೇ, ಆಚೆ ಕೂತ್ಕೊಳ್ಳಿ," ಅನ್ನುತ್ತಿದ್ದ ಕ್ಯಾಂಟೀನಿನವನು. ದೊಡ್ಡ ಸಾಹೇಬರು ಮಾತಾಡಿಸುವಾಗ ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದರು. ಎಂಥ ವಾಸನೆ, ಎಷ್ಟು ವಾಸನೆ, ಇವರಿಗೆ ಹೇಗೆ ತಿಳಿಯಬೇಕು? ತಮ್ಮ ವಾಸನೆಯನ್ನು ತಾವು ಕಂಡವರ ಮುಖದಲ್ಲಿ ಓದಿಕೊಳ್ಳಬೇಕಾಗಿತ್ತು.

ಅಂಥ ಮನೆಗೆ ಸೊಸೆ ಬಂದಳು.

ಮಗ ಲಾರಿ ಓಡಿಸುತ್ತಿದ್ದ. ದೂರದ ದಾರಿಯಲ್ಲಿ ಎಲ್ಲೋ ಚಹದಂಗಡಿಯಲ್ಲಿ ನೋಡಿ, ಒಪ್ಪಿ, ಮದುವೆಯಾಗಿ ಕರೆದುಕೊಂಡು ಬಂದ. ಹುಡುಗಿ ತೆಳ್ಳಗೆ, ಮಾತು ಕಡಿಮೆ, ಕಣ್ಣು ಚುರುಕು. ಚಿಂದಿಯಕ್ಕ ಕೆಲಸದಿಂದ ಬಂದವಳೇ ಆಸೆಯಿಂದ ಸೊಸೆಯ ಕೆನ್ನೆ ಸವರಲು ಕೈ ಚಾಚಿದಳು. ಹುಡುಗಿ ಮೂಗು ಮುರಿದು ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಮಾಡಿದ್ದಲ್ಲ. ಮೈ ತಾನಾಗಿ ಸರಿಯಿತು. ಆದರೆ ಸರಿದದ್ದು ಸರಿದದ್ದೇ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಗಿಡ್ಡಿ ನೋಡಿಬಿಟ್ಟಳು. ಗಿಡ್ಡಿ ಚಿಂದಿಯಕ್ಕನ ಜೊತೆಗೇ ಎಣ್ಣೆ ಒರೆಸುವವಳು. ಅವಳು ನೋಡಿದರೆ ಸಾಲುಮನೆಯೆಲ್ಲ ನೋಡಿದ ಹಾಗೆ.

"ಬಂದ ದಿನವೇ ಅತ್ತೆಗೆ ಮೂಗು ಮುರಿದಳಲ್ಲೇ ನಿನ್ನ ಮಹಾರಾಣಿ," ಅಂದಳು ಗಿಡ್ಡಿ.

ಚಿಂದಿಯಕ್ಕ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

ಊಟಕ್ಕೆ ಕೂತಾಗ ಹುಡುಗಿ ನೀರಿನ ಲೋಟ ಬಾಯಿಯ ಹತ್ತಿರ ತಂದು ಕೆಳಗಿಟ್ಟಳು.

"ಅತ್ತೆ, ಈ ನೀರಲ್ಲಿ ಸೀಮೆಎಣ್ಣೆ ಬಿದ್ದಿದೆಯಾ?"

"ಬಾವಿ ನೀರು ಕಣಮ್ಮ. ಇದೀಗ ಸೇದಿ ತಂದಿದ್ದು."

"ಬಾವೀಲೇ ಬಿದ್ದಿರಬೇಕು."

ಚಿಂದಿಯಕ್ಕ ಲೋಟ ಎತ್ತಿ ಮೂಸಿದಳು. ಏನೂ ಇಲ್ಲ. ಗಿಡ್ಡಿಯನ್ನು ಕರೆದು ಮೂಸಿಸಿದಳು. ಏನೂ ಇಲ್ಲ. ಗಿಡ್ಡಿಯ ಗಂಡ ಮೂಸಿದ, ಅವನೂ ಲಾರಿಗೆ ಎಣ್ಣೆ ತುಂಬಿಸುವವನು. ಅವನಿಗೂ ಏನೂ ಇಲ್ಲ. ಸಾಲುಮನೆಯ ದೊಡ್ಡವರೆಲ್ಲ ಡಿಪೋದವರೇ, ಎಲ್ಲರ ಮೂಗೂ ಡಿಪೋಗೇ ಸಂದಾಯವಾಗಿತ್ತು. ಮಕ್ಕಳು ಹುಟ್ಟಿದಾಗಿನಿಂದ ಅದೇ ನೀರು ಕುಡಿದು, ನೀರು ಅಂದರೆ ಹೀಗೇ ಅಂದುಕೊಂಡಿದ್ದವು. ನೀರಿನ ಮೇಲೆ ಒಮ್ಮೊಮ್ಮೆ ಬಣ್ಣದ ಪೊರೆ ಕಟ್ಟುತ್ತಿತ್ತು. ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಇಷ್ಟು ಜನ ಇಲ್ಲ ಅಂದಮೇಲೆ ಒಬ್ಬಳು ಇದೆ ಅಂದರೆ ಯಾರ ತಪ್ಪು? ಆ ಒಬ್ಬಳದೇ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಂತೆ," ಅಂದ ಗಿಡ್ಡಿಯ ಗಂಡ. ಎಲ್ಲರೂ ನಕ್ಕರು. ಹುಡುಗಿ ಕಣ್ಣು ಮುಚ್ಚಿಕೊಂಡು ಉಸಿರು ಬಿಗಿಹಿಡಿದು ನೀರು ಕುಡಿದಳು. ದಿನವೂ ಹಾಗೇ ಕುಡಿಯುತ್ತಿದ್ದಳು, ಕಷಾಯ ಕುಡಿದ ಹಾಗೆ.

ಚಿಂದಿಯಕ್ಕ ಅದನ್ನು ಡಿಪೋದಲ್ಲಿ ತಮಾಷೆಗೆ ಹೇಳಿದಳು. ಹೇಳಬಾರದಿತ್ತು. ಆದರೆ ಕೀಲಿನ ಕೆಳಗೆ ಇಡೀ ದಿನ ಬಗ್ಗಿ ಕೂತವರಿಗೆ ಮಾತಾಡುವುದಕ್ಕೆ ಇನ್ನೇನಿದೆ? "ನನ್ನ ಸೊಸೆ ಮೂಗು ನಾಯಿ ಮೂಗು ಕಣ್ರೇ. ನಾನು ಚರಂಡಿ ದಾಟೋ ಮುಂಚೆನೇ ಅತ್ತೆ ಬಂದ್ರು ಅಂತ ಗೊತ್ತಾಗತ್ತಂತೆ." ಹೆಂಗಸರು ನಕ್ಕರು. ಆಚೆ ನಿಂತಿದ್ದ ಮೇಸ್ತ್ರಿ ನಗಲಿಲ್ಲ. ಕಿವಿ ನಿಮಿರಿಸಿದ.

ಸೋರಿಕೆ ಪತ್ತೆ ಮಾಡುವ ಒಂದು ಯಂತ್ರ ಡಿಪೋದಲ್ಲಿತ್ತು. ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಹೋದದ್ದು ಬಂದಿರಲಿಲ್ಲ. ಮೂಲೆಯ ಕೀಲಿನ ಹಾಗೆ ಕಣ್ಣಿಗೆ ಕಾಣುವ ಸೋರಿಕೆ ಒಂದು. ಕಾಣದ್ದು ಎಷ್ಟೋ. ಮೇಲಿನವರು ತಪಾಸಣೆಗೆ ಬಂದಾಗ ಅವರ ಮೂಗಿಗೆ ಮೊದಲು ಹೊಡೆಯುವುದು ಅದೇ. ಬರುವ ಮುಂಚೆ ಹುಡುಕಿ ಒರೆಸಿಬಿಟ್ಟರೆ ಹಾವೂ ಸಾಯದು, ಕೋಲೂ ಮುರಿಯದು. ಹುಡುಕುವುದಕ್ಕೆ ಒಂದು ಜೀವಂತ ಮೂಗು ಬೇಕಾಗಿತ್ತು.

ದೊಡ್ಡ ಸಾಹೇಬರು ಚಿಂದಿಯಕ್ಕನನ್ನು ಕರೆಸಿ ಬಾಗಿಲ ಹೊರಗೆ ನಿಲ್ಲಿಸಿ ಮಾತಾಡಿದರು. ಕರ್ಚೀಫಿನ ಹಿಂದಿನಿಂದ ದನಿ ಮೆತ್ತಗೆ ಬಂತು.

"ನಿನ್ನ ಗಂಡ ಹೋದಮೇಲೂ ನಿನಗೆ ಮನೆ ಬಿಟ್ಟುಕೊಟ್ಟಿದ್ದೀವಿ. ನಿನಗೂ ವಯಸ್ಸಾಯ್ತು. ನಾಳೆ ನಿನ್ನ ಕೈ ನಿಂತರೆ ಮನೆ ವಾಪಸ್ ತಗೋಬೇಕಾಗತ್ತೆ. ಸೊಸೆ ಕೆಲಸಕ್ಕೆ ಸೇರಿದ್ರೆ ಮನೆ ಹಾಗೇ ಇರತ್ತೆ. ಕಷ್ಟದ ಕೆಲಸ ಏನಲ್ಲ. ಬೆಳಿಗ್ಗೆ ಒಂದು ಸುತ್ತು ಹಾಕಿ ಮೂಸಬೇಕು, ಅಷ್ಟೇ."

ಮೂಗಿಗೆ ತುಪ್ಪ ಸವರುವುದು ಅಂದರೆ ಇದು. ವಾಸನೆ ಬಾರದ ಮೂಗಿಗೂ ಸವರಿದರು. ಚಿಂದಿಯಕ್ಕ ಹೂಂ ಅಂದಳು. ಒರೆಸುವ ಕೆಲಸ ಅಲ್ಲವಲ್ಲ, ಬಗ್ಗಿ ಹಿಂಡುವ ಕೆಲಸ ಅಲ್ಲವಲ್ಲ. ಮೂಸಿದರೆ ಏನು ಸವೆಯುತ್ತದೆ? ಹಾಗಂದುಕೊಂಡಳು. ತನ್ನ ಮೂಗು ಎಲ್ಲಿ ಹೋಯಿತು ಅಂತ ಒಂದು ಸಲ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ.

ಹುಡುಗಿಗೆ ಮೂಗಿನಮ್ಮ ಅಂತ ಹೆಸರು ಬಿತ್ತು. ಬೆಳಗಾದರೆ ಪೈಪಿನ ಉದ್ದಕ್ಕೂ ತೆವಳಿಕೊಂಡು ಹೋಗಬೇಕು. ಒಂದೊಂದು ಕೀಲಿಗೂ ಮುಖ ತಾಗಿಸಬೇಕು. ಟ್ಯಾಂಕಿನ ಬುಡದ ಗುಂಡಿಗೆ ತಲೆ ಇಳಿಸಿ ಉಸಿರು ಎಳೆಯಬೇಕು. ಮೇಸ್ತ್ರಿ ಹಿಂದೆಯೇ ನಿಂತಿರುತ್ತಿದ್ದ. "ಇನ್ನೂ ಒಳಗೆ ಹೋಗು. ಎಳಿ. ಗಟ್ಟಿಯಾಗಿ ಎಳಿ." ಮೊದಮೊದಲು ವಾಂತಿ ಮಾಡಿಕೊಂಡಳು. ವಾಂತಿಯನ್ನು ಅವಳೇ ಒರೆಸಬೇಕಾಗಿತ್ತು. ಸಂಜೆ ತಲೆ ಸಿಡಿಯುತ್ತದೆ ಅಂತ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಚಿಂದಿಯಕ್ಕ ತನಗೆ ಗೊತ್ತಿದ್ದ ಒಂದೇ ಮದ್ದು ಹೇಳಿದಳು, ಅಭ್ಯಾಸ ಆಗತ್ತೆ ಬಿಡು ಅಂತ.

ಮೂಗು ಮಾತ್ರ ಸುಳ್ಳು ಹೇಳಲಿಲ್ಲ. ಇಲ್ಲಿ ಅಂದರೆ ಇಲ್ಲೇ. ಬಣ್ಣ ಬಳಿದ ಪೈಪಿನ ಹೊಟ್ಟೆಯಲ್ಲಿ ಕೂದಲೆಳೆಯ ಬಿರುಕು, ಯಾವ ಕಣ್ಣಿಗೂ ಕಾಣದ್ದು, ಅವಳ ಮೂಗಿಗೆ ಸಿಕ್ಕಿತು. ಸಿಕ್ಕ ಕಡೆಯೆಲ್ಲ ಮೇಸ್ತ್ರಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದ, ಹೆಂಗಸರು ಒರೆಸುತ್ತಿದ್ದರು. ಗುರುತನ್ನೂ ಒರೆಸುತ್ತಿದ್ದರು. ಸೋರಿಕೆ ಇದ್ದಲ್ಲೇ ಇತ್ತು.

ಒಂದು ದಿನ ಹುಡುಗಿ ದೊಡ್ಡ ಸಾಹೇಬರಿಗೇ ಹೇಳಿದಳು. "ಸಾಹೇಬ್ರೇ, ಮೂಲೆ ಕೀಲಿಂದ ಚೆಲ್ಲಿ ಒರೆಸದೆ ಉಳಿದದ್ದು ತೂತಲ್ಲಿ ಹೋಗಿ ಬಾವಿ ಸೇರ್ತಾ ಇದೆ. ಎರಡೂ ಒಂದೇ ವಾಸನೆ. ಆ ವಾಷರ್ ಹಾಕಿಸಿಬಿಡಿ."

"ನಿನ್ನ ಕೆಲಸ ಮೂಸೋದು," ಅಂದರು ಸಾಹೇಬರು. "ಮಾತಾಡೋದಕ್ಕೆ ಬೇರೆಯವರಿದ್ದಾರೆ."

ಹುಡುಗಿ ಆಮೇಲೆ ಮಾತಾಡಲಿಲ್ಲ. ಮೂಸಿದಳು. ಮಳೆ ಬಂತು, ಹೋಯಿತು. ಬಿಸಿಲು ಬಂತು. ಮನೆ ಉಳಿಯಿತು. ಚಿಂದಿಯಕ್ಕ ನೆಮ್ಮದಿಯಾಗಿದ್ದಳು ಅಂದರೆ ತಪ್ಪಾಗುತ್ತದೆ, ಏನೂ ಆಗದವಳ ಹಾಗಿದ್ದಳು. ಬೆಳಿಗ್ಗೆ ಅತ್ತೆ ಸೊಸೆ ಜೊತೆಗೆ ಗೇಟು ದಾಟುತ್ತಿದ್ದರು, ಸಂಜೆ ಜೊತೆಗೆ ಬರುತ್ತಿದ್ದರು, ನಡುವೆ ಒಂದು ಮಾತಿಲ್ಲ. ಮಗ ವಾರಕ್ಕೋ ಹದಿನೈದು ದಿನಕ್ಕೋ ಬಂದು ಉಂಡು ಮಲಗಿ ಹೋಗುತ್ತಿದ್ದ.

ಅವತ್ತು ಸೆಕೆ. ಹುಡುಗಿ ಕೆಲಸದಿಂದ ಬಂದವಳೇ ಬಾವಿಯಿಂದ ಕೊಡ ತಂದಿಳಿಸಿ, ಲೋಟ ಮುಳುಗಿಸಿ ಗಟಗಟ ಕುಡಿದಳು. ಕಣ್ಣು ಮುಚ್ಚಲಿಲ್ಲ. ಉಸಿರು ಬಿಗಿಹಿಡಿಯಲಿಲ್ಲ. ಇನ್ನೊಂದು ಲೋಟ ಕುಡಿದು ಬಾಯಿ ಒರೆಸಿಕೊಂಡು ಹೇಳಿದಳು:

"ಅತ್ತೆ, ಬಾವಿ ನೀರು ಈಗ ಪರವಾಗಿಲ್ಲ ಅಲ್ವಾ? ವಾಸನೆ ಹೋಗಿದೆ."

ಚಿಂದಿಯಕ್ಕ ಕೊಡದೊಳಗೆ ಬಗ್ಗಿ ನೋಡಿದಳು. ನೀರಿನ ಮೇಲೆ ಬಣ್ಣದ ಪೊರೆ ಇತ್ತು. ಎಂದಿಗಿಂತ ದಪ್ಪಗೇ ಇತ್ತು.

"ಹೂಂ," ಅಂದಳು.

ಅನ್ನ ಬಸಿದಳು. ಬಡಿಸಿದಳು. ಉಂಡಳು. ಏನು ಉಂಡಳೋ. ಊಟವಾದ ಮೇಲೆ "ಬಾರೇ ತಲೆ ಬಾಚ್ತೀನಿ" ಅಂದಳು. ಹುಡುಗಿಗೆ ಆಶ್ಚರ್ಯ. ಅತ್ತೆ ಯಾವತ್ತೂ ಹಾಗೆ ಕರೆದವಳಲ್ಲ. ಬಂದು ಬೆನ್ನು ಮಾಡಿ ಕೂತಳು. ಚಿಂದಿಯಕ್ಕ ಒಂದು ಕೈಯಲ್ಲಿ ಬಾಚುತ್ತಾ, ಇನ್ನೊಂದು ಕೈಯಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆ ತೆಗೆದಳು. ಇಡೀ ದಿನ ಕೀಲಿನ ಕೆಳಗೆ ಹೀರಿದ ಬಟ್ಟೆ ಅದು. ಹುಡುಗಿಯ ಭುಜದ ಮೇಲಿಂದ ಮೆಲ್ಲಗೆ ತಂದು ಮೂಗಿನ ಕೆಳಗೆ, ತಾಗದ ಹಾಗೆ, ಹಿಡಿದಳು. ಹುಡುಗಿ ಅತ್ತ ಕತ್ತಲೆಯ ಕಡೆ ನೋಡುತ್ತಿದ್ದಳು.

"ಅವರು ಈ ಸಲ ಬೇಗ ಬರ್ತಾರಂತೆ ಅತ್ತೆ," ಅಂದಳು. ಗಂಡನ ಮಾತು. ಬಟ್ಟೆ ಅಲ್ಲೇ ಇತ್ತು. ಉಸಿರಾಡಿದಳು. ಮತ್ತೆ ಉಸಿರಾಡಿದಳು. ಮೂಗು ಮುರಿಯಲಿಲ್ಲ.

ಚಿಂದಿಯಕ್ಕ ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಜಡೆ ಹೆಣೆದಳು. ಅಳು ಬರಲಿಲ್ಲ. ಯಾರದೋ ಮನೆಯಲ್ಲಿ ಸಾವಾದ ಸುದ್ದಿ ಕೇಳಿದ ಹಾಗೆ, ಹೋಗಬೇಕು, ಹೋಗಬೇಕು ಅಂತ ಅನ್ನಿಸುತ್ತಿತ್ತು, ಎಲ್ಲಿಗೆ ಅಂತ ಗೊತ್ತಾಗಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಒಂದೊಂದೇ ಸೀಸೆಯ ಬಾಯಿ ತೆರೆದು ಹುಡುಗಿಯ ಮೂಗಿಗೆ ಹಿಡಿದರು. ಇದೇನು? ಗೊತ್ತಿಲ್ಲ. ಇದು? ಗೊತ್ತಿಲ್ಲ. ಕೊನೆಯದರಲ್ಲಿ ಏನೋ ಒಂದಿಷ್ಟು ಅಂದಳು. ಅದು ಲವಂಗದೆಣ್ಣೆ. ಹೇಳುತ್ತಾ ಹೇಳುತ್ತಾ ಹುಡುಗಿಗೆ ತನಗೇನಾಗಿದೆ ಅಂತ ತಿಳಿಯುತ್ತಾ ಹೋಯಿತು. ಮುಖ ಬಿಳಿಚಿತು.

"ಪೂರ್ತಿ ಹೋಗಿಲ್ಲ," ಅಂದರು ಡಾಕ್ಟರಮ್ಮ. "ಆ ಜಾಗದಿಂದ, ಆ ನೀರಿಂದ ದೂರ ಇದ್ದರೆ ವಾಪಸ್ ಬಂದರೂ ಬರಬಹುದು. ತಿಂಗಳುಗಟ್ಟಲೆ ಆಗಬಹುದು. ಅಲ್ಲೇ ಇದ್ದರೆ ಬರಲ್ಲ."

"ನಂದು?" ಅಂದಳು ಚಿಂದಿಯಕ್ಕ. ಯಾಕೆ ಕೇಳಿದಳೋ.

"ನೀವು ಎಷ್ಟು ವರ್ಷದಿಂದ ಅಲ್ಲಿದ್ದೀರಿ?"

"ಮಗ ತೊಟ್ಟಿಲಲ್ಲಿದ್ದಾಗಿಂದ."

ಡಾಕ್ಟರಮ್ಮ ಕೈ ತೊಳೆಯಲು ಎದ್ದರು.

ದಾರಿಯಲ್ಲಿ ಹುಡುಗಿ ಒಂದೇ ಮಾತು ಆಡಿದಳು. "ಅತ್ತೆ, ಇನ್ನು ನಂಗೆ ಮಗು ಆದ್ರೆ?" ಅಷ್ಟಕ್ಕೇ ನಿಲ್ಲಿಸಿದಳು. ಚಿಂದಿಯಕ್ಕನಿಗೆ ಪೂರ್ತಿ ಕೇಳಿಸಿತು. ಅವಳ ಮಗ ಹುಟ್ಟಿದಾಗ ಅವಳ ಮೂಗು ಬದುಕಿತ್ತು. ಎಳೆಮಗುವಿನ ನೆತ್ತಿಗೆ ಮೂಗಿಟ್ಟು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆ ವಾಸನೆ ಈಗ ನೆನಪಿಗೂ ಬರುತ್ತಿರಲಿಲ್ಲ, ಹಾಗೊಂದಿತ್ತು ಅನ್ನುವುದಷ್ಟೇ ನೆನಪು. ಈ ಹುಡುಗಿಗೆ ಅಷ್ಟೂ ಇರುವುದಿಲ್ಲ.

ಸೀದಾ ಡಿಪೋಗೆ ಹೋಗಿ ಮೇಸ್ತ್ರಿಗೆ ಹೇಳಿದಳು. "ನನ್ನ ಸೊಸೆ ಮೂಗು ಹೋಗಿದೆ. ಇನ್ನು ಕೆಲಸಕ್ಕೆ ಬರಲ್ಲ."

ಮೇಸ್ತ್ರಿ ಆ ಕಡೆ ಈ ಕಡೆ ನೋಡಿದ. "ಮೆಲ್ಲಗೆ ಮಾತಾಡು. ನಾಳೆ ಮೇಲಿನವರು ತಪಾಸಣೆಗೆ ಬರ್ತಾರೆ. ಮೂಗಿನಮ್ಮ ಬೆಳಿಗ್ಗೆ ಸುತ್ತು ಹಾಕಬೇಕು."

"ಮೂಗೇ ಇಲ್ಲ ಅಂತಿದೀನಿ."

"ಇದ್ರೆಷ್ಟು ಬಿಟ್ರೆಷ್ಟು? ಸಾಹೇಬ್ರಿಗೆ ಸುತ್ತು ಹಾಕಿದ್ದು ಕಾಣಬೇಕು, ಅಷ್ಟೇ. ಮೂಗು ಸತ್ತಿದೆಯೋ ಬದುಕಿದೆಯೋ ಮುಖ ನೋಡಿದ್ರೆ ಗೊತ್ತಾಗತ್ತಾ? ನಾಳೆ ಅವಳು ಬರಲಿಲ್ಲ ಅಂದ್ರೆ ನಾಡಿದ್ದು ಮನೆ ಖಾಲಿ ಮಾಡು. ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ಚಿಂದಿಯಕ್ಕ? ಯೋಚನೆ ಮಾಡು."

ಮಗ ಆ ಸಂಜೆ ಬಂದಿದ್ದ. ಅವನೂ ಅದನ್ನೇ ಅಂದ. "ಅಮ್ಮ, ಮನೆ ಹೋದ್ರೆ ಎಲ್ಲಿಗೆ ಹೋಗೋದು? ಒಂದು ದಿನ ತಾನೇ. ಹೋಗಿ ಬರಲಿ."

"ಒಂದೊಂದು ದಿನವೇ ಕಣೋ ನಾನೂ ಹೋಗಿ ಬಂದದ್ದು," ಅಂದಳು ಚಿಂದಿಯಕ್ಕ.

ಅವನು ಹೆಂಡತಿಯ ಮುಖ ನೋಡಿದ. ಹುಡುಗಿ ನೀರಿನ ಕೊಡವನ್ನೇ ನೋಡುತ್ತಾ ಕೂತಿದ್ದಳು. ಅವನು ತಲೆ ತಗ್ಗಿಸಿದ.

ಬೆಳಿಗ್ಗೆ ಚಿಂದಿಯಕ್ಕ ಒಬ್ಬಳೇ ಹೋದಳು. ಎಲ್ಲರಿಗಿಂತ ಮುಂಚೆ ಹೋದಳು. ಉಗ್ರಾಣದಲ್ಲಿದ್ದ ಚಿಂದಿಬಟ್ಟೆಯ ಮೂಟೆಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಕಟ್ಟೆಗೋಡೆಯ ತೂತಿನ ಹತ್ತಿರ ಇಳಿಸಿದಳು. ಮೊಣಕಾಲೂರಿ ಕೂತಳು. ಬಟ್ಟೆ ಸುತ್ತಿ ಸುತ್ತಿ ತೂತಿಗೆ ತುರುಕಿದಳು. ಕೋಲಿನಿಂದ ಜಡಿದಳು. ಮತ್ತೆ ತುರುಕಿದಳು. ಹಿಂಡುವ ಕೈ ಅದು, ತುರುಕುವುದು ಕಷ್ಟವಾಗಲಿಲ್ಲ.

ಗಿಡ್ಡಿ ಬಂದು ನಿಂತಳು. "ಏನ್ ಮಾಡ್ತಾ ಇದೀಯೇ?"

"ತೂತು ಮುಚ್ತಾ ಇದೀನಿ."

"ಬಟ್ಟೆಯೆಲ್ಲ ಅಲ್ಲಿಗೆ ಹಾಕಿದ್ರೆ ಒರೆಸೋದು ಯಾವುದ್ರಲ್ಲಿ?"

"ಒರೆಸಲ್ಲ."

ಗಿಡ್ಡಿಗೆ ಅರ್ಥವಾಗಲಿಲ್ಲ. "ಏನಾಗಿದೆ ನಿಂಗೆ?"

"ಹುಡುಗಿ ಮೂಗು ಹೋಯ್ತು ಕಣೆ. ಬಾವಿ ನೀರು ಚೆನ್ನಾಗಿದೆ ಅಂದಳು."

ಗಿಡ್ಡಿಗೆ ಎರಡು ಮಕ್ಕಳು. ಆ ನೀರು ಕುಡಿದೇ ಬೆಳೆಯುತ್ತಿದ್ದವು. ನಗಾಡಿದ ರಾತ್ರಿ ನೆನಪಾಯಿತೋ ಏನೋ. ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಒರೆಸುವ ಬಟ್ಟೆ ಎಳೆದು ಚಿಂದಿಯಕ್ಕನ ಕೈಗೆ ಕೊಟ್ಟಳು. ಆಮೇಲೆ ಬಂದ ಹೆಂಗಸರೂ ಒಬ್ಬೊಬ್ಬರಾಗಿ ಕೊಟ್ಟರು. ಎಲ್ಲರೂ ಹೋಗಿ ಮೂಲೆಯ ಕೀಲಿನ ಹತ್ತಿರ ತಮ್ಮ ತಮ್ಮ ಜಾಗದಲ್ಲಿ ಕೂತರು, ಬರಿಗೈಯಲ್ಲಿ.

ಹಡಗು ಬಂದಿತ್ತು. ಪಂಪು ಶುರುವಾಯಿತು. ಮೇಲಿನವರು ನಾಲ್ಕಾರು ಜನ ಬಿಳಿ ಟೋಪಿ ಹಾಕಿಕೊಂಡು ಬಂದರು. ದೊಡ್ಡ ಸಾಹೇಬರು ಗೋಡೆಯ ಮೇಲಿನ ಅಕ್ಷರ ತೋರಿಸಿದರು. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ತಗಡಿನ ತಟ್ಟೆ ತುಂಬಿತು. ಚೆಲ್ಲಿತು. ಅಂಗಳದ ಸಿಮೆಂಟಿನ ಮೇಲೆ ಎಣ್ಣೆ ಅಗಲವಾಗಿ ಹರಡಿ, ಇಳಿಜಾರಿನಲ್ಲಿ ತೂತಿನವರೆಗೆ ಹೋಯಿತು. ಅಲ್ಲಿ ದಾರಿ ಇರಲಿಲ್ಲ. ತಿರುಗಿತು. ಅವಸರವಿಲ್ಲದೆ ಅಂಗಳದ ಒಳಗೇ ಹಿಂದಕ್ಕೆ ತುಂಬಿಕೊಳ್ಳುತ್ತಾ ಬಂತು.

ಮೇಸ್ತ್ರಿ ದೂರದಿಂದ ಕಣ್ಣು ಸನ್ನೆ ಮಾಡಿದ. ಹೆಂಗಸರು ಅವನನ್ನೇ ನೋಡುತ್ತಾ ಕೂತಿದ್ದರು. ಕೈಸನ್ನೆ ಮಾಡಿದ. ಕೂತೇ ಇದ್ದರು. ಓಡಿ ಬಂದ.

"ಒರೆಸ್ರೇ."

"ಬಟ್ಟೆ ಇಲ್ಲ," ಅಂದಳು ಚಿಂದಿಯಕ್ಕ.

"ಏನಾಯ್ತು?"

"ತೂತಲ್ಲಿದೆ. ಒಂದು ಹನೀನೂ ಹೊರಗೆ ಹೋಗಬಾರದು ಅಂತ ನೀವೇ ಬರೆಸಿದ್ದೀರಲ್ಲ."

ಎಣ್ಣೆ ಬಿಳಿ ಟೋಪಿಯವರ ಬೂಟು ಮುಟ್ಟಿತು. ಅವರು ಹಿಂದೆ ಸರಿದರು. ಇನ್ನೂ ಹಿಂದೆ ಸರಿದರು. ಮೂಗಿಗೆ ಕೈ ಹೋಯಿತು.

ಮೇಸ್ತ್ರಿಯ ದನಿ ಏರಿತು. "ಮೈಮೇಲೆ ಇರೋ ಬಟ್ಟೆ ಬಿಚ್ಚಿ ಒರೆಸೇ!"

ಅಂಗಳವೆಲ್ಲ ಕೇಳಿತು. ಚಿಂದಿಯಕ್ಕ ಎದ್ದು ನಿಂತಳು. ಎಷ್ಟೋ ವರ್ಷ ಬಗ್ಗಿದ ಸೊಂಟ, ನೆಟ್ಟಗಾಗುವುದಕ್ಕೆ ಹೊತ್ತು ಹಿಡಿಯಿತು. ಕೂಗಲಿಲ್ಲ. ಕೂಗುವಷ್ಟು ಕಸುವು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಒರೆಸಲ್ಲ," ಅಂದಳು. "ನನ್ನ ಮೂಗು ಒರೆಸಿ ತೆಗೆದ್ರಿ, ಸುಮ್ಮನಿದ್ದೆ. ಬೆರಳು ಒರೆಸಿ ತೆಗೆದ್ರಿ, ಸುಮ್ಮನಿದ್ದೆ. ಆ ಹುಡುಗಿ ನಂಬ್ಕೊಂಡು ಬಂದಿದ್ದು ನನ್ನನ್ನ. ನಾನೇ ಕೈ ಹಿಡ್ಕೊಂಡು ಬಂದು ನಿಮ್ಮ ಗುಂಡಿಗೆ ಅವಳ ತಲೆ ಇಳಿಸಿದೆ. ಇನ್ನು ಒರೆಸಲ್ಲ. ನಿಮ್ಮದು ಸೋರ್ತಾ ಇದೆ, ನೀವು ನೋಡ್ಕೊಳ್ಳಿ."

ಬಿಳಿ ಟೋಪಿಯವರಲ್ಲಿ ಒಬ್ಬರು ಅವಳನ್ನು ನೋಡಿದರು, ಕೀಲು ನೋಡಿದರು, ಬಟ್ಟೆ ತುಂಬಿದ ತೂತು ನೋಡಿದರು. "ಪಂಪ್ ನಿಲ್ಲಿಸಿ," ಅಂದರು.

"ಸರ್, ಹಡಗು..." ಅಂದರು ದೊಡ್ಡ ಸಾಹೇಬರು.

"ನಿಲ್ಲಿಸ್ರಿ."

ಪಂಪು ನಿಂತಿತು. ಒಂದೇ ಸಮ ಗುಂಯ್‌ಗುಡುತ್ತಿದ್ದ ಸದ್ದು ಇದ್ದಕ್ಕಿದ್ದ ಹಾಗೆ ಇಲ್ಲವಾಯಿತು. ಕಿವಿ ಖಾಲಿಯಾಯಿತು. ಫಿಟ್ಟರುಗಳು ಬಂದು ಪೈಪು ಬರಿದು ಮಾಡಿ ಬೋಲ್ಟು ಬಿಚ್ಚಿದರು. ಹಳೆಯ ವಾಷರ್ ಕಿತ್ತು ಬಿಸಾಡಿದರು. ಹೊಸದು ಕೂರಿಸಿದರು. ಬಿಗಿದರು. ಊಟದ ಗಂಟೆ ಹೊಡೆಯುವ ಮುಂಚೆ ಎಲ್ಲ ಮುಗಿದಿತ್ತು.

ಅಷ್ಟೇ ಕೆಲಸ ಅದು. ಒಂದು ಬೆಳಗಿನ ಕೆಲಸ.

ಬಿಸಾಡಿದ ವಾಷರ್ ಚಿಂದಿಯಕ್ಕನ ಕಾಲ ಹತ್ತಿರ ಬಿದ್ದಿತ್ತು. ಊಟದ ತಟ್ಟೆಯಷ್ಟು ಅಗಲದ ರಬ್ಬರಿನ ಬಳೆ. ಎತ್ತಿ ನೋಡಿದಳು. ಹಗುರ. ಇದರ ಬದಲಿಗೆ ಅವಳನ್ನು ಇಟ್ಟಿದ್ದರು. ಅವಳನ್ನು, ಗಿಡ್ಡಿಯನ್ನು, ಆ ಹುಡುಗಿಯನ್ನು. ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ಉರಿಯುವ ಜಾಗವೂ ಸತ್ತಿತ್ತೋ ಏನೋ. ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟು ಗೇಟಿನ ಕಡೆ ನಡೆದಳು.

ಮೇಲಿನವರು ತೂತಿಗೆ ಹೊಸ ಕಬ್ಬಿಣದ ಬಾಗಿಲು ಹಾಕಿಸಿ ಹೋದರಂತೆ. ಬಾವಿಗೆ ಯಾರೂ ಏನೂ ಹಾಕಿಸಲಿಲ್ಲ. ಅದು ತಿಳಿಯಾಗಲು ಎಷ್ಟು ಮಳೆ ಬೇಕೋ. ಗಿಡ್ಡಿ ಮಾತ್ರ ಅವತ್ತಿನಿಂದ ಬೀದಿಯ ಕೊನೆಯ ನಲ್ಲಿಗೆ ನಡೆದು ಹೋಗಿ ಮಕ್ಕಳಿಗೆ ನೀರು ತರುತ್ತಿದ್ದಳು. ಚಿಂದಿಯಕ್ಕನಿಗೆ ಯಾರೂ ಬೈಯಲಿಲ್ಲ. ಮಾರನೆಯ ದಿನ ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ, ಅದರ ಮಾರನೆಯ ದಿನ ಇಬ್ಬರು ಬಂದು ಮನೆಯ ಬಾಗಿಲಲ್ಲಿ ನಿಂತರು. ಮಗ ಲಾರಿ ತಂದ. ಪಾತ್ರೆ, ಹಾಸಿಗೆ, ಒಂದು ಪೆಟ್ಟಿಗೆ. ತುಂಬಿದ ಮೇಲೂ ಲಾರಿ ಖಾಲಿಯೇ ಕಾಣುತ್ತಿತ್ತು.

"ಮನೆ ಕಳೆದೆಯಲ್ಲಮ್ಮ," ಅಂದ.

"ಹೂಂ, ಕಳೆದೆ."

ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಕಿಟಕಿ ಇಲ್ಲ, ನಲ್ಲಿ ಇದೆ. ಹುಡುಗಿಯನ್ನು ಯಾವ ಕೆಲಸಕ್ಕೂ ಕಳಿಸಲಿಲ್ಲ. ಚಿಂದಿಯಕ್ಕ ಕೆಲಸ ಹುಡುಕಿದಳು. ಅವಳ ಕೈಗೆ ಗೊತ್ತಿದ್ದದ್ದು ಒಂದೇ. ಲಾರಿ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆದು ಒರೆಸುವ ಕೆಲಸ ಸಿಕ್ಕಿತು. ಹೋದಳು. ಒಂದಲ್ಲ ಒಂದು ಮೂಗು ಎಣ್ಣೆಗೆ ಬೇಕೇ ಬೇಕು ಅಂತಿದ್ದರೆ ಸತ್ತದ್ದೇ ಹೋಗಲಿ.

ದಿನಾ ಸಂಜೆ ಬಂದವಳೇ ಸೊಸೆಯನ್ನು ಕೇಳುತ್ತಿದ್ದಳು. "ಏನಾದ್ರೂ ಬಂತಾ?" ಹುಡುಗಿ ಇಲ್ಲ ಅನ್ನುತ್ತಿದ್ದಳು. ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ಲವಂಗ ಜಜ್ಜಿ ನೋಡಿದರು. ಸೋಪು ನೋಡಿದರು. ಕೇಳುವುದನ್ನು ನಿಲ್ಲಿಸಬೇಕು ಅಂತ ಚಿಂದಿಯಕ್ಕ ಎಷ್ಟೋ ಸಲ ಅಂದುಕೊಂಡಳು. ಬಾಯಿ ತಾನೇ ಕೇಳುತ್ತಿತ್ತು. ತಿಂಗಳುಗಳು ಕಳೆದು, ಬಸುರಿ ಹುಡುಗಿಯ ಹೊಟ್ಟೆ ಮುಂದೆ ಬಂದಿತ್ತು. ಇನ್ನು ಹೆಚ್ಚು ದಿನವಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳುತ್ತಿರಲಿಲ್ಲ.

ಒಂದು ಸಂಜೆ ಚಿಂದಿಯಕ್ಕ ಬಂದು ಬಾಗಿಲು ತಳ್ಳಿದಳು. ಹುಡುಗಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಹೆಗಲ ಮೇಲಿಂದ ಜಾರಿದ ಅವಳ ಜಡೆ ಎತ್ತಿ ಹಿಂದೆ ಹಾಕಲು ಚಿಂದಿಯಕ್ಕ ಬಗ್ಗಿದಳು, ಕೈ ಚಾಚಿದಳು.

ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿದಳು. ಮೂಗು ಮುರಿದು, ಗೋಡೆಯ ಕಡೆ ಒತ್ತಿಕೊಂಡಳು.

"ಥೂ, ಅತ್ತೆ, ಏನು ನಾತ ಇದು! ಕೈ ತೊಳೆದು ಬನ್ನಿ," ಅಂದಳು. ಅಂದವಳು ತನ್ನ ಮಾತು ತಾನೇ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡಳು. ಕಣ್ಣು ಅಗಲವಾದವು.

ಚಾಚಿದ ಕೈ ಚಾಚಿದ ಹಾಗೇ ಇತ್ತು. ಚಿಂದಿಯಕ್ಕ ಅದನ್ನು ಹಿಂದಕ್ಕೆ ತೆಗೆಯಲಿಲ್ಲ, ಬಟ್ಟೆಗೆ ಒರೆಸಿಕೊಳ್ಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅದು ಅವಳಿಗೆ ತಡವಾಗಿ ಗೊತ್ತಾಯಿತು.

"ಇನ್ನೊಂದ್ಸಲ ಮೂಗು ಮುರಿಯೇ," ಅಂದಳು. ಕೈಯನ್ನು ಇನ್ನೂ ಹತ್ತಿರ ಹಿಡಿದಳು.